ಐದು ಚೌಕ, ಒಂದು ಬಾಟ್ಲಿ ತೊಗರಿ

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಯಾದಗಿರಿಯ ಒಂದು ಕಾಲೇಜಿನಲ್ಲಿ ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯ ಸ್ನಾತಕೋತ್ತರ) ವಿದ್ಯಾರ್ಥಿಗಳಿಗೆ ಪಾಠ ಮಾಡುವ ಅತಿಥಿ ಉಪನ್ಯಾಸಕ. ಈ ಸಲ ಗ್ರೂಪ್ ಡೈನಾಮಿಕ್ಸ್, ಅಂದರೆ ಗುಂಪಿನಲ್ಲಿ ಜನ ಒಬ್ಬರ ಜೊತೆ ಒಬ್ಬರು ಹೇಗೆ ನಡೆದುಕೊಳ್ಳುತ್ತಾರೆ ಅನ್ನುವ ವಿಷಯ, ನನ್ನ ಪಾಲಿಗೆ ಬಂದಿದೆ. 38 ವಿದ್ಯಾರ್ಥಿಗಳು, 55 ನಿಮಿಷದ ಪೀರಿಯಡ್, ನೆಲಕ್ಕೆ ಬೋಲ್ಟ್ ಹಾಕಿದ ಬೆಂಚು. ಬರೀ ನೋಟ್ಸ್ ಬೇಡ ಅಂತ ಬಲೂನ್ ಆಟ ಆಡಿಸಿದೆ, ಪೇಪರಿನಿಂದ ಗೋಪುರ ಕಟ್ಟಿಸಿದೆ. ಎಲ್ಲರೂ ನಕ್ಕರು, ಫೋಟೋ ತೆಗೆದುಕೊಂಡರು. ಇಂಟರ್ನಲ್ಸ್‌ನಲ್ಲಿ ಮಾತ್ರ, ಗುಂಪು ಬೆಳೆಯುವ ಬಗ್ಗೆ ಟಕ್‌ಮನ್ ಎಂಬವರು ಹೇಳಿದ ಐದು ಹಂತಗಳನ್ನು ಬಾಯಿಪಾಠ ಮಾಡಿ ಬರೆದರು. ಯಾವ ಚಟುವಟಿಕೆ ಮಾಡಿಸಲಿ? ಅಂಕ ಹೇಗೆ ಕೊಡಲಿ? ಜಗಳ ಆದರೆ ಏನು ಮಾಡಲಿ? ಇನ್ನೊಂದು, ನನ್ನ ಕ್ಲಾಸಿನಲ್ಲಿ ಯಾವಾಗಲೂ ಮೂವರು ಹುಡುಗರೇ ಮಾತಾಡುತ್ತಾರೆ. ಹಿಂದಿನ ಬೆಂಚಿನ ಹುಡುಗಿಯರು ಬಾಯಿ ಬಿಡುವುದೇ ಇಲ್ಲ.

ಉತ್ತರ: ಸರ್, ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಮೂವರೇ ಮಾತಾಡುತ್ತಾರೆ ಅಂತ ಬೇಜಾರಿನಿಂದ ಬರೆದಿದ್ದೀರಿ. ನೀವು ಕಲಿಸಬೇಕಾದ ವಿಷಯ ಅದೇ ಅಲ್ವಾ? 38 ಜನ ಇರುವ ಕೋಣೆಯಲ್ಲಿ ಮೂವರು ಯಾಕೆ ಮಾತಾಡುತ್ತಾರೆ, 35 ಜನ ಯಾಕೆ ಸುಮ್ನೆ ಕೂರುತ್ತಾರೆ, ಇದನ್ನು ಯಾರು ಯಾವಾಗ ತೀರ್ಮಾನ ಮಾಡಿದರು? ಗ್ರೂಪ್ ಡೈನಾಮಿಕ್ಸ್ ನಿಮ್ಮ ಕ್ಲಾಸಿನಲ್ಲಿ ಆಗಲೇ ಬಂದು ಕೂತಿದೆ. ಚಟುವಟಿಕೆಯ ಕೆಲಸ ಅದನ್ನು ಮೇಲೆ ತರುವುದು, ಅಷ್ಟೇ. ಬಾವಿಗೆ ಕೊಡ ಬಿದ್ದರೆ ಪಾತಾಳಗರಡಿ ಬಿಡುತ್ತಾರಲ್ಲ, ಹಾಗೆ. ಗರಡಿ ಎಷ್ಟು ಚಂದ ಇದೆ ಅಂತ ಯಾರೂ ನೋಡುವುದಿಲ್ಲ, ಕೊಕ್ಕೆಗೆ ಏನು ಸಿಕ್ಕಿತು ಅಂತ ನೋಡುತ್ತಾರೆ.

ನಿಮ್ಮ ಬಲೂನ್ ಆಟಕ್ಕೆ ಎಷ್ಟು ಹೊತ್ತು ಹೋಯಿತು? ನನ್ನ ಅಂದಾಜು 45 ನಿಮಿಷ. ಉಳಿದ 10 ನಿಮಿಷದಲ್ಲಿ 'ಇದರಿಂದ ಏನು ಕಲಿತಿರಿ' ಅಂತ ಕೇಳಿರುತ್ತೀರಿ. ಮುಂದಿನ ಬೆಂಚಿನಿಂದ 'ಒಗ್ಗಟ್ಟಿನಲ್ಲಿ ಬಲವಿದೆ ಸರ್' ಅಂತ ಬಂದಿರುತ್ತದೆ. ನಗಬೇಡಿ, ನಾನೂ ಎಷ್ಟೋ ವರ್ಷ ಇದನ್ನೇ ಮಾಡಿದ್ದೇನೆ. ಈಗ ಲೆಕ್ಕ ತಿರುಗಿಸಿಕೊಂಡಿದ್ದೇನೆ. ನಿಯಮ ಹೇಳಲು 5 ನಿಮಿಷ, ಆಟಕ್ಕೆ 15, ಮಾತಿಗೆ 35. ಆಟ ಮುಗಿಯಲಿ ಬಿಡಲಿ, 15 ನಿಮಿಷಕ್ಕೆ ನಿಲ್ಲಿಸಿಬಿಡುತ್ತೇನೆ. ಮುಗಿಸಲಾಗದೆ ಒದ್ದಾಡಿದ ಗುಂಪಿನ ಹತ್ತಿರವೇ ಹೇಳಲು ಜಾಸ್ತಿ ಇರುತ್ತದೆ.

ಈ ವಿಷಯ ಹುಟ್ಟಿದ್ದೂ ಹೀಗೇ. ಕರ್ಟ್ ಲೆವಿನ್ ಎಂಬ ಮನೋವಿಜ್ಞಾನಿ 1945ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಗ್ರೂಪ್ ಡೈನಾಮಿಕ್ಸ್‌ಗೆ ಅಂತಲೇ ಒಂದು ಸಂಶೋಧನಾ ಕೇಂದ್ರ ಶುರು ಮಾಡಿದರು. ಮರುವರ್ಷ, 1946ರ ಬೇಸಿಗೆಯಲ್ಲಿ, ಕನೆಕ್ಟಿಕಟ್ ರಾಜ್ಯದಲ್ಲಿ ಒಂದು ಕಾರ್ಯಾಗಾರ ನಡೆಸಿದರು. ಬೇರೆ ಬೇರೆ ಸಮುದಾಯಗಳ ನಡುವಿನ ಸಂಬಂಧ ಸುಧಾರಿಸುವುದು ಹೇಗೆ ಅನ್ನುವುದು ವಿಷಯ. ಹಗಲು ಗುಂಪು ಚರ್ಚೆ. ರಾತ್ರಿ ಸಂಶೋಧಕರು ಮಾತ್ರ ಕೂತು, ಯಾವ ಗುಂಪಿನಲ್ಲಿ ಯಾರು ಹೇಗೆ ನಡೆದುಕೊಂಡರು ಅಂತ ತಮ್ಮ ಟಿಪ್ಪಣಿ ತಾಳೆ ನೋಡುತ್ತಿದ್ದರು. ಒಂದು ರಾತ್ರಿ, ಶಿಬಿರಕ್ಕೆ ಬಂದಿದ್ದವರಲ್ಲಿ ಕೆಲವರು ನಾವೂ ಕೂತು ಕೇಳಬಹುದಾ ಅಂದರು. ಲೆವಿನ್ ಒಪ್ಪಿಕೊಂಡರು. ಟಿಪ್ಪಣಿ ಓದುತ್ತಿದ್ದಂತೆ, ಅದು ಯಾರ ಬಗ್ಗೆ ಇತ್ತೋ ಆ ಒಬ್ಬಾಕೆ 'ಹಾಗಲ್ಲ, ನಡೆದದ್ದು ಬೇರೆ' ಅಂತ ತಡೆದರು. ವಾದ ಶುರುವಾಯಿತು. ಮುಂದಿನ ರಾತ್ರಿಗಳಲ್ಲಿ ಜನ ಜಾಸ್ತಿಯಾದರು. ಹಗಲಿನ ಚರ್ಚೆಗಿಂತ ಈ ರಾತ್ರಿಯ ಮಾತಿನಲ್ಲೇ ಎಲ್ಲರೂ ಹೆಚ್ಚು ಕಲಿಯುತ್ತಿದ್ದಾರೆ ಅಂತ ಆಗ ಗೊತ್ತಾಯಿತು. 1947ರಲ್ಲಿ ಬೆಥೆಲ್ ಎಂಬ ಊರಿನಲ್ಲಿ ಶುರುವಾದ ತರಬೇತಿ ಗುಂಪುಗಳ, ಅಂದರೆ ತಮ್ಮದೇ ಗುಂಪಿನ ನಡವಳಿಕೆ ನೋಡಿ ಕಲಿಯುವ ಗುಂಪುಗಳ, ಬೇರು ಇಲ್ಲಿದೆ. ಅದನ್ನು ನೋಡಲು ಲೆವಿನ್ ಇರಲಿಲ್ಲ, ಅದೇ ವರ್ಷದ ಫೆಬ್ರುವರಿಯಲ್ಲಿ ತೀರಿಕೊಂಡರು.

ನಿಮ್ಮ ಆ 35 ನಿಮಿಷ ಅಂದರೆ ಲೆವಿನ್ ಅವರ ಆ ರಾತ್ರಿ.

ಮೊದಲ ಚಟುವಟಿಕೆಗೆ ನಾನು ಐದು ಚೌಕದ ಆಟವನ್ನೇ ಹೇಳುತ್ತೇನೆ. ಅಲೆಕ್ಸ್ ಬಾವೆಲಾಸ್ ಎಂಬ ಮನೋವಿಜ್ಞಾನಿಯ ಹೆಸರಿನ ಜೊತೆ ಬರುವ ಹಳೇ ಆಟ. ಖರ್ಚು ಸೊನ್ನೆ. ದಪ್ಪ ರಟ್ಟಿನಲ್ಲಿ 15 ಸೆಂ.ಮೀ. ಅಳತೆಯ ಐದು ಚೌಕ ಮಾಡಿಕೊಳ್ಳಿ. ಎರಡು ಚೌಕಗಳನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ, ಪ್ರತಿ ಚೌಕದಿಂದ ಬಂದ ಎರಡು ತ್ರಿಕೋನಗಳಲ್ಲಿ ಒಂದನ್ನು ಮತ್ತೆ ಸರಿಯಾಗಿ ಎರಡು ಮಾಡಿ. ಮೂರನೆಯದನ್ನು ನಡುವೆ ಸೀಳಿ, ಒಂದು ಅರ್ಧವನ್ನು ಎರಡು ಸಣ್ಣ ಚೌಕ ಮಾಡಿ. ನಾಲ್ಕನೆಯದನ್ನೂ ನಡುವೆ ಸೀಳಿ, ಒಂದು ಅರ್ಧವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ. ಐದನೆಯದರ ಒಂದು ಮೂಲೆಯಿಂದ 7.5 ಸೆಂ.ಮೀ. ಚೌಕ ತೆಗೆದು, ಆ ಸಣ್ಣ ಚೌಕವನ್ನು ಎರಡು ತ್ರಿಕೋನ ಮಾಡಿ. ಒಟ್ಟು 15 ತುಂಡು ಆಯಿತು. ಕಲಸಿ ಐದು ಕವರಿಗೆ ಮೂರು ಮೂರು ಹಾಕಿ. ಒಂದೇ ಚೌಕದ ಮೂರೂ ತುಂಡು ಒಂದೇ ಕವರಿಗೆ ಹೋಗದಂತೆ ನೋಡಿಕೊಳ್ಳಿ. ಇಂಥ ಐದು ಸೆಟ್ ಬೇಕು.

ಐವರ ಒಂದು ಗುಂಪು. ಪ್ರತಿಯೊಬ್ಬರ ಮುಂದೆ ಒಂದೊಂದು ಪೂರ್ತಿ ಚೌಕ ಆಗಬೇಕು, ಐದೂ ಆದಾಗ ಮಾತ್ರ ಗೆದ್ದಂತೆ. ಮಾತಾಡುವಂತಿಲ್ಲ. ಕಣ್ಸನ್ನೆ, ಕೈಸನ್ನೆ ಇಲ್ಲ. ಮುಖ್ಯವಾದ ನಿಯಮ ಇನ್ನೊಂದಿದೆ: ಯಾರ ತುಂಡನ್ನೂ ಕೇಳುವಂತಿಲ್ಲ, ತೆಗೆದುಕೊಳ್ಳುವಂತಿಲ್ಲ. ಕೊಡಬಹುದು, ಅಷ್ಟೇ.

ಈಗ ಮಜಾ ನೋಡಿ. ಆ ಐದನೇ ಚೌಕದ ಎರಡು ಪುಟ್ಟ ತ್ರಿಕೋನಗಳನ್ನು ಜೋಡಿಸಿದರೆ ಮೊದಲ ಚೌಕದ ಸಣ್ಣ ತ್ರಿಕೋನದಷ್ಟೇ ಆಗುತ್ತದೆ. ಯಾರೋ ಒಬ್ಬರು ಅವನ್ನು ಅಲ್ಲಿ ಸೇರಿಸಿ ಚಂದದ ಚೌಕ ಮಾಡಿಬಿಡುತ್ತಾರೆ. ಅವರ ಚೌಕ ಸರಿಯಾಗಿಯೇ ಇದೆ, ಆದರೆ ಅದು ಇರುವ ತನಕ ಇನ್ನೊಬ್ಬರಿಗೆ ಚೌಕ ಆಗುವುದೇ ಇಲ್ಲ. ನನ್ನ ಒಂದು ಬ್ಯಾಚಿನಲ್ಲಿ ಕ್ಲಾಸಿಗೇ ಫಸ್ಟ್ ಬರುವ ಹುಡುಗ ಮೂರೇ ನಿಮಿಷದಲ್ಲಿ ಚೌಕ ಮುಗಿಸಿದ. ಕೈ ಕಟ್ಟಿಕೊಂಡು ಹಿಂದಕ್ಕೆ ಒರಗಿದ. ಫ್ಯಾನ್ ನೋಡಿದ, ಕಿಟಕಿ ನೋಡಿದ. ಎದುರಿಗಿದ್ದ ಹುಡುಗಿ ಒಂದೇ ಜಾಗಕ್ಕೆ ತುಂಡನ್ನು ಹತ್ತು ಸಲ ತಿರುಗಿಸಿ ಇಡುತ್ತಿದ್ದಳು. ಅವನ ಚೌಕ ಒಡೆಯದೆ ಅವಳದು ಆಗುವಂತಿರಲಿಲ್ಲ. ಕೊನೆಗೆ ಅವಳೇ ತನ್ನ ಹತ್ತಿರ ಇದ್ದ ಎಲ್ಲಾ ತುಂಡನ್ನೂ ಪಕ್ಕದವರ ಮುಂದೆ ತಳ್ಳಿ ಸುಮ್ಮನಾದಳು. ಅವನು ಆಗಲೂ ನೋಡಲಿಲ್ಲ. ಆಮೇಲೆ, ಆಡದೆ ನೋಡುತ್ತಾ ನಿಂತಿದ್ದವರ ಪೈಕಿ ಒಬ್ಬಳು ಗಡಿಯಾರ ನೋಡಿ ಬರೆದಿದ್ದನ್ನು ಓದಿದಳು: 'ಇವರು ಒಂಬತ್ತು ನಿಮಿಷ ಕೈ ಕಟ್ಟಿದ್ದರು.' ಕ್ಲಾಸು ನಿಶ್ಶಬ್ದ. ಅವನು ಸ್ವಲ್ಪ ಹೊತ್ತು ಬಿಟ್ಟು, 'ನನ್ನ ಕೆಲಸ ಮುಗಿದಿತ್ತು ಮೇಡಂ' ಅಂದ. ಆ ಒಂದು ವಾಕ್ಯದ ಮೇಲೆ ನಾವು ಅರ್ಧ ಗಂಟೆ ಮಾತಾಡಿದೆವು.

ಇದನ್ನೇ ಮೊದಲು ಆಡಿಸಿ ಅನ್ನಲು ನಮ್ಮ ಕಡೆಯದೇ ಒಂದು ಕಾರಣವಿದೆ. ಕಲಬುರಗಿ, ಬೀದರ್, ಯಾದಗಿರಿಯ ಯಾವ ಕ್ಲಾಸು ನೋಡಿದರೂ ಒಬ್ಬರ ಮನೆಯಲ್ಲಿ ಕನ್ನಡ, ಇನ್ನೊಬ್ಬರ ಮನೆಯಲ್ಲಿ ದಖನಿ ಉರ್ದು, ಗಡಿಯ ಕಡೆಯವರದು ಮರಾಠಿ ಇಲ್ಲವೇ ತೆಲುಗು, ಪುಸ್ತಕದಲ್ಲಿ ಇಂಗ್ಲಿಷ್. ಇಂಗ್ಲಿಷ್ ಬರುವವರದೇ ಮಾತು. ಮಾತೇ ಇಲ್ಲದ ಆಟದಲ್ಲಿ ಆ ಮೂವರು ಹುಡುಗರ ಬಂಡವಾಳ 15 ನಿಮಿಷ ಕೆಲಸಕ್ಕೆ ಬರುವುದಿಲ್ಲ. ಹಿಂದಿನ ಬೆಂಚಿನವರ ಕೈ ಆಗ ಓಡುತ್ತದೆ. ಮೊದಲ ಬಾರಿ ಇಡೀ ಕ್ಲಾಸು ಅವರ ಕಡೆ ನೋಡುತ್ತದೆ.

38ರಲ್ಲಿ 25 ಜನ ಆಡಿದರೆ 13 ಜನ ಉಳಿಯುತ್ತಾರೆ. ಅವರು ಸುಮ್ನೆ ನಿಲ್ಲುವವರಲ್ಲ, ಅವರೇ ನೋಡುಗರು. ಗುಂಪಿಗೆ ಇಬ್ಬರು, ಉಳಿದ ಮೂವರು ಸಮಯ ನೋಡಲಿ, ತಿರುಗಾಡಲಿ. ರಾಬರ್ಟ್ ಬೇಲ್ಸ್ 1950ರಲ್ಲಿ ಗುಂಪಿನ ಮಾತನ್ನು 12 ಬಗೆಯಾಗಿ ವಿಂಗಡಿಸಿ ದಾಖಲಿಸುವ ಕ್ರಮ ಕೊಟ್ಟರು. ಅದು ಪರೀಕ್ಷೆಗೆ ಇರಲಿ. ಕೈಗೆ ಒಂದು ಹಾಳೆ ಕೊಟ್ಟು, ವೃತ್ತ ಬರೆದು ಸುತ್ತ ಐವರ ಹೆಸರು ಹಾಕಿ ಅಂತ ಹೇಳಿ. ಯಾರಿಂದ ಯಾರಿಗೆ ತುಂಡು ಹೋಯಿತೋ ಅಲ್ಲಿಗೆ ಒಂದು ಗೆರೆ, ಬಾಣದ ಗುರುತು. ಮಾತಿನ ಆಟವಾದರೆ ಯಾರು ಯಾರ ಕಡೆ ತಿರುಗಿ ಮಾತಾಡಿದರೋ ಅದಕ್ಕೊಂದು ಗೆರೆ. ಆಟ ಮುಗಿದಾಗ ಹಾಳೆಯನ್ನು ಎಲ್ಲರಿಗೂ ತೋರಿಸಿ. ಒಂದು ಹೆಸರಿನ ಸುತ್ತ ಜೇಡರಬಲೆ ಇರುತ್ತದೆ, ಇನ್ನೊಂದು ಹೆಸರಿಗೆ ಒಂದೂ ಗೆರೆ ಮುಟ್ಟಿರುವುದಿಲ್ಲ. ನೀವು ಬಾಯಿ ಬಿಡಬೇಕಾಗಿಲ್ಲ.

ಬೆಂಚಿನ ಬಗ್ಗೆ ಒಂದು ಮಾತು. ಗುಂಪು ಚರ್ಚೆ ಅಂದ ಕೂಡಲೇ ನಮ್ಮ ಕಡೆ ಭಾಷಣಕಾರರು ಬಸವಕಲ್ಯಾಣದ ಅನುಭವ ಮಂಟಪದಿಂದ ಶುರು ಮಾಡುತ್ತಾರೆ. ಕೇಳುವವರು ಮಾತ್ರ ಒಬ್ಬರ ಬೆನ್ನು ಒಬ್ಬರು ನೋಡುತ್ತಾ ಸಾಲಾಗಿ ಕೂತಿರುತ್ತಾರೆ! ಬೆಂಚು ಕೀಳಲು ಆಗುವುದಿಲ್ಲ, ನಿಜ. ವರಾಂಡದಲ್ಲಿ ಜಮಖಾನೆ ಹಾಸಿ. ಏಪ್ರಿಲ್ ಬಂದರೆ ನಮ್ಮ ಬಿಸಿಲಿಗೆ ಹೊರಗೆ ಆಗುವುದಿಲ್ಲ, ಅದಕ್ಕೇ ಬೆಳಗಿನ ಮೊದಲ ಪೀರಿಯಡ್ ಕೇಳಿ ಇಸಿದುಕೊಳ್ಳಿ.

ಎರಡನೆಯದು ತೊಗರಿ ಬಾಟ್ಲಿ. ಆರ್ಥರ್ ಜೆನೆಸ್ ಎಂಬವರು 1932ರಲ್ಲಿ ಗಾಜಿನ ಬಾಟ್ಲಿಯಲ್ಲಿ ಬೀನ್ಸ್ ಕಾಳು ತುಂಬಿ, ಎಷ್ಟಿವೆ ಅಂತ ಮೊದಲು ಒಬ್ಬೊಬ್ಬರಿಂದ ಅಂದಾಜು ಬರೆಸಿದರು, ಆಮೇಲೆ ಗುಂಪಿನಲ್ಲಿ ಚರ್ಚೆ ಮಾಡಿಸಿದರು, ಮತ್ತೆ ಒಬ್ಬೊಬ್ಬರಿಂದ ಬರೆಸಿದರು. ಚರ್ಚೆಯ ನಂತರ ಎಲ್ಲರ ಅಂದಾಜು ಗುಂಪಿನ ಅಂಕಿಯ ಕಡೆ ವಾಲಿತು. ನಮಗೆ ಬೀನ್ಸ್ ಯಾಕೆ? ತೊಗರಿಯ ಕಣಜದಲ್ಲೇ ಇದ್ದೇವೆ. ಎಣಿಸುವ ಕಷ್ಟವೂ ಇಲ್ಲ. ನೂರು ತೊಗರಿ ಕಾಳು ಸುಮಾರು 10 ಗ್ರಾಂ ತೂಗುತ್ತವೆ, ಹಾಗಾಗಿ ಕಾಲು ಕೆ.ಜಿ.ಗೆ 2,500ರ ಆಸುಪಾಸು. ನಿಮ್ಮ ಕಾಳಿನಲ್ಲಿ ನೂರು ಎಣಿಸಿ ಕಿರಾಣಿ ಅಂಗಡಿ ತಕ್ಕಡಿಯಲ್ಲಿ ತೂಗಿ ಲೆಕ್ಕ ಪಕ್ಕಾ ಮಾಡಿಕೊಳ್ಳಿ. ಒಡೆದ ಬೇಳೆ ಬೇಡ, ಇಡೀ ಕಾಳು.

ನನ್ನ ಕ್ಲಾಸಿನಲ್ಲಿ ನಡೆದದ್ದು ಹೇಳುತ್ತೇನೆ. ಒಂದು ಗುಂಪಿನಲ್ಲಿ ಮಾತುಗಾರ ಹುಡುಗ ಬಾಟ್ಲಿ ಎತ್ತಿ ನೋಡಿ 'ಎಂಟುನೂರು, ಪಕ್ಕಾ' ಅಂದ. ಗುಂಪಿನ ಅಂಕಿ 900ಕ್ಕೆ ನಿಂತಿತು. ಎರಡನೇ ಚೀಟಿಯಲ್ಲೂ ಎಲ್ಲರೂ 900ರ ಹತ್ತಿರವೇ ಬರೆದಿದ್ದರು. ಮೊದಲ ಚೀಟಿಗಳನ್ನು ಬಿಚ್ಚಿದಾಗ ಒಂದರಲ್ಲಿ 2,200 ಇತ್ತು. ಬರೆದವಳು ಆಳಂದ ಕಡೆಯ ರೈತರ ಮಗಳು. ಚಿಕ್ಕಂದಿನಿಂದ ತೊಗರಿ ಕೇರಿ ಹಸನು ಮಾಡಿದ ಕೈ. 'ಯಾಕಮ್ಮ ಹೇಳಲಿಲ್ಲ?' ಅಂದೆ. 'ಎಲ್ಲರೂ ಕಡಿಮೆ ಹೇಳುತ್ತಿದ್ದರು, ನನ್ನದೇ ತಪ್ಪಿರಬೇಕು ಅನಿಸಿತು' ಅಂದಳು. ಸಾಲಮನ್ ಆಶ್ 1951ರಲ್ಲಿ ಗೆರೆಗಳ ಉದ್ದ ಹೋಲಿಸುವ ಪ್ರಯೋಗದಲ್ಲಿ ಕಂಡದ್ದು ಇದೇ ಜಾತಿಯದು. ಸುತ್ತಲಿನವರು ಬೇಕಂತಲೇ ತಪ್ಪು ಹೇಳಿದಾಗ, ಕಣ್ಣಿಗೆ ಸರಿ ಕಂಡರೂ ಸುಮಾರು ಮುಕ್ಕಾಲು ಪಾಲು ಜನ ಒಂದು ಸಲವಾದರೂ ತಪ್ಪಿಗೇ ಹ್ಞೂಂ ಅಂದರು. ಸರಿ ಹೇಳುವ ಒಬ್ಬನೇ ಒಬ್ಬ ಜೊತೆಗಾರ ಸಿಕ್ಕರೆ ಹಾಗೆ ಹ್ಞೂಂ ಅನ್ನುವುದು ತೀರಾ ಕಡಿಮೆಯಾಯಿತು. ಈ ಕೊನೆಯ ಅಂಶವನ್ನು ಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ, ನೀವು ಮುಗಿಸಬೇಡಿ. ನಾಳೆ ಗ್ರಾಮಸಭೆಯಲ್ಲಿ ಕೂರುವ ಸಮಾಜ ಕಾರ್ಯಕರ್ತರಿಗೆ ಬೇಕಾದದ್ದು ಅದೇ. ಆದರೆ ಆಶ್ ಪ್ರಯೋಗವನ್ನು ಕ್ಲಾಸಿನಲ್ಲಿ ನಕಲು ಮಾಡಬೇಡಿ. ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಸೇರಿ ನಾಟಕ ಆಡಿದರೆ, ಆ ಒಬ್ಬರು ವರ್ಷವಿಡೀ ನಿಮ್ಮನ್ನು ನಂಬುವುದಿಲ್ಲ. ತೊಗರಿ ಬಾಟ್ಲಿಯಲ್ಲಿ ಮೋಸ ಇಲ್ಲ.

ಮೂರನೆಯದು ಎರಡನೇ ತಿಂಗಳಿಗೆ, ಸ್ವಲ್ಪ ತಯಾರಿ ಬೇಕು. ಗ್ರಾಮೀಣ ಶಿಬಿರಕ್ಕೆ ಊರು ಆರಿಸುವ ಆಟ. ನಾಲ್ವರಿಗೆ ನಾಲ್ಕು ಚೀಟಿ. ನಾಲ್ಕರಲ್ಲೂ ಮೊದಲ ಊರಿನ ಮೂರು ಒಳ್ಳೇ ಗುಣ ಇರುತ್ತವೆ: ಬಸ್ ಸ್ಟ್ಯಾಂಡ್ ಹತ್ತಿರ, ಶಾಲೆಯಲ್ಲಿ ಎರಡು ಕೋಣೆ, ಪಂಚಾಯ್ತಿಯವರು ಕರೆಯುತ್ತಿದ್ದಾರೆ. ಎರಡನೇ ಊರಿನ ಎರಡು ಕೊರತೆಯೂ ನಾಲ್ಕರಲ್ಲೂ ಇರುತ್ತವೆ: ದಿನಕ್ಕೆ ಎರಡೇ ಬಸ್ಸು, ರಸ್ತೆಯಿಂದ ಒಂದೂವರೆ ಕಿ.ಮೀ. ನಡಿಗೆ. ಉಳಿದದ್ದು ಒಬ್ಬೊಬ್ಬರ ಚೀಟಿಯಲ್ಲಿ ಒಂದೊಂದೇ. ಮೊದಲ ಊರಿನ ನಲ್ಲಿಗೆ ಮೂರು ದಿನಕ್ಕೊಮ್ಮೆ ನೀರು ಅನ್ನುವುದು ಒಬ್ಬರಿಗೆ, ಅದೇ ವಾರ ಜಾತ್ರೆ ಅನ್ನುವುದು ಇನ್ನೊಬ್ಬರಿಗೆ, ಶಾಲೆಯ ಕೋಣೆ ಅರ್ಧ ದಿನ ಮಾತ್ರ ಅನ್ನುವುದು ಮೂರನೆಯವರಿಗೆ, ಹೋದ ವರ್ಷ ಶಿಬಿರದವರಿಗೂ ಊರವರಿಗೂ ಮನಸ್ತಾಪ ಆಗಿತ್ತು ಅನ್ನುವುದು ನಾಲ್ಕನೆಯವರಿಗೆ. ಎರಡನೇ ಊರಿನಲ್ಲಿ ಮಹಿಳಾ ಸಂಘದವರು ಅಡುಗೆಗೆ ಒಪ್ಪಿದ್ದಾರೆ, ಸಮುದಾಯ ಭವನದಲ್ಲಿ ಶೌಚಾಲಯ ಇದೆ, ಬೋರ್ ನೀರಿದೆ, ಯುವಕರು ಸರ್ವೇಗೆ ಜೊತೆ ಬರುತ್ತಾರೆ. ಇವೂ ಒಬ್ಬೊಬ್ಬರಿಗೆ ಒಂದೊಂದು. ನಾಲ್ಕೂ ಚೀಟಿ ಕೂಡಿಸಿದರೆ ಎರಡನೇ ಊರೇ ಮೇಲು. ಬಿಡಿಯಾಗಿ ನೋಡಿದರೆ ಪ್ರತಿ ಚೀಟಿಯೂ ಮೊದಲ ಊರು ಅನ್ನುತ್ತದೆ. ಚೀಟಿ ಓದಿ ವಾಪಸ್ ಇಸಿದುಕೊಳ್ಳಿ, ಚರ್ಚೆ ನೆನಪಿನಿಂದ ನಡೆಯಲಿ. ಹೆಚ್ಚಿನ ಗುಂಪುಗಳು ಮೊದಲ ಊರನ್ನೇ ಆರಿಸುತ್ತವೆ. ಎಲ್ಲರಿಗೂ ಗೊತ್ತಿರುವುದನ್ನೇ ಎಲ್ಲರೂ ಎಲ್ಲರಿಗೂ ಹೇಳುತ್ತಾ ಕೂರುತ್ತಾರೆ. ಸ್ಟಾಸರ್ ಮತ್ತು ಟೈಟಸ್ 1985ರಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದರು. ನಮ್ಮ ಸ್ಟಾಫ್ ಮೀಟಿಂಗುಗಳಲ್ಲಿ ದಿನಾ ನಡೆಯುತ್ತದೆ.

ಹಗ್ಗ ಜಗ್ಗಾಟ, ಚಪ್ಪಾಳೆ ಇತ್ಯಾದಿ ಬೇಕಿದ್ದರೆ ಒಂದು ದಿನ ಆಡಿಸಿ. ಫ್ರಾನ್ಸಿನ ರಿಂಗೆಲ್ಮನ್ ಹಗ್ಗ ಎಳೆಸಿ, ಜನ ಹೆಚ್ಚಾದಂತೆ ತಲೆಗೆ ಬೀಳುವ ಎಳೆತ ಕಡಿಮೆಯಾಗುವುದನ್ನು ಅಳೆದು 1913ರಲ್ಲಿ ಪ್ರಕಟಿಸಿದ್ದರು. ಒಳ್ಳೆಯ ಕಥೆ. ಆದರೆ ಗುಂಪಿನಲ್ಲಿ ಮೈಗಳ್ಳರು ಇರುತ್ತಾರೆ ಅನ್ನುವುದನ್ನು ನಿಮ್ಮ ವಿದ್ಯಾರ್ಥಿಗಳಿಗೆ ಹೊಸದಾಗಿ ಕಲಿಸಬೇಕಾಗಿಲ್ಲ.

ಇನ್ನು ಆ 35 ನಿಮಿಷ. ಮೊದಲು 'ಏನಾಯಿತು?' ಅಂತ ಮಾತ್ರ ಕೇಳಿ. ಯಾಕೆ ಅಂತ ಕೇಳಬೇಡಿ, ಎಲ್ಲರೂ ಸಮರ್ಥನೆಗೆ ಇಳಿಯುತ್ತಾರೆ. ನೋಡುಗರು ಮೊದಲು ಓದಲಿ, ಆಡಿದವರು ಒಪ್ಪಲಿ ಇಲ್ಲವೇ ತಿದ್ದಲಿ. ಆಮೇಲೆ 'ಆಗ ನಿಮಗೆ ಏನನಿಸಿತು?', ಆಮೇಲೆ 'ಇದು ಬೇರೆ ಎಲ್ಲಿ ನೋಡಿದ್ದೀರಿ?'. ಮನೆ, ಹಾಸ್ಟೆಲ್, ಬಸ್ಸು, ಓಣಿ ಎಲ್ಲಾ ಬರುತ್ತದೆ. ಸಿದ್ಧಾಂತದ ಹೆಸರು ಕಟ್ಟಕಡೆಗೆ ಬೋರ್ಡಿನ ಮೇಲೆ ಬರಲಿ. ಪ್ರಶ್ನೆ ಕೇಳಿದ ಮೇಲೆ ಮೌನವಿದ್ದರೆ ತುಂಬಲು ಹೋಗಬೇಡಿ. ಮನಸ್ಸಿನಲ್ಲೇ ಇಪ್ಪತ್ತು ಎಣಿಸಿ. ನಾನು ಹದಿನೈದಕ್ಕೇ ಸೋಲುತ್ತಿದ್ದೆ. ಬೇಕಾದ ಭಾಷೆಯಲ್ಲಿ ಮಾತಾಡಲಿ, ಪಕ್ಕದವರು ಅನುವಾದ ಮಾಡಿ ಹೇಳಲಿ.

ಜಗಳದ ಬಗ್ಗೆ ಕೇಳಿದ್ದೀರಿ. ನನ್ನ ತಪ್ಪನ್ನೇ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ತರಬೇತಿಯಲ್ಲಿ ಕಲಿತು ಬಂದ ಆಟ ಆಡಿಸಿದೆ: ಪ್ರತಿಯೊಬ್ಬರ ಬೆನ್ನಿಗೆ ಹಾಳೆ ಅಂಟಿಸಿ, ಅವರ ಒಂದು ದೌರ್ಬಲ್ಯವನ್ನು ಉಳಿದವರು ಬರೆಯುವುದು. ಒಂದು ಹುಡುಗಿಯ ಹಾಳೆಯಲ್ಲಿ ಅವಳ ಊರಿನ ಮಾತಿನ ಧಾಟಿಯನ್ನು ಆಡಿಕೊಂಡಿದ್ದರು, ಇನ್ನೊಂದು ಸಾಲು ಜಾತಿಯ ಕಡೆ ಬೆರಳು ತೋರಿಸುವಂತಿತ್ತು. ಅವಳು ಓದಿ ಹಾಳೆ ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಳು. ಒಂದು ವಾರ ಕ್ಲಾಸಿಗೆ ಬರಲಿಲ್ಲ. ನಾನು ಹಾಸ್ಟೆಲಿಗೆ ಹೋಗಿ ಕ್ಷಮೆ ಕೇಳಿದೆ. ಅವತ್ತಿನಿಂದ ಎರಡು ನಿಯಮ. ಒಂದು, ಕಂಡ ಕೆಲಸದ ಬಗ್ಗೆ ಮಾತು, ಮನುಷ್ಯರ ಬಗ್ಗೆ ಅಲ್ಲ. 'ನೀನು ಸ್ವಾರ್ಥಿ' ಅನ್ನುವಂತಿಲ್ಲ, 'ನಿನ್ನ ಚೌಕ ಮುಗಿದ ಮೇಲೆ ನನ್ನ ಕಡೆ ನೋಡಲಿಲ್ಲ' ಅನ್ನಬಹುದು. ಎರಡು, ಯಾರು ಬೇಕಾದರೂ ಕಾರಣ ಹೇಳದೆ ಆಟ ಬಿಟ್ಟು ನೋಡುಗರಾಗಬಹುದು.

ಇದೇ ಕಾರಣಕ್ಕೆ ಸೋಶಿಯೋಗ್ರಾಂ, ಅಂದರೆ ಗುಂಪಿನಲ್ಲಿ ಯಾರಿಗೆ ಯಾರು ಇಷ್ಟ ಅಂತ ಗೆರೆ ಎಳೆದು ತೋರಿಸುವ ಚಿತ್ರ, ಅದನ್ನು ಕ್ಲಾಸಿನ ಮೇಲೆಯೇ ಮಾಡಿಸಬೇಡಿ. ಮೊರೆನೊ ಎಂಬ ಮನೋವೈದ್ಯರು 1930ರ ದಶಕದಲ್ಲಿ ಕೊಟ್ಟ ಒಳ್ಳೆಯ ಸಾಧನ ಅದು, ಸಿಲಬಸ್‌ನಲ್ಲೂ ಇದೆ. ಆದರೆ 'ಯಾರ ಪಕ್ಕ ಕೂರಲು ಇಷ್ಟ' ಅಂತ ಹೆಸರು ಬರೆಸಿ ಬೋರ್ಡಿಗೆ ಹಾಕಿದರೆ, ನಮ್ಮ ಕಡೆ ಏನು ಕಾಣುತ್ತದೆ ಅಂತ ನಿಮಗೂ ಗೊತ್ತು. ಕಾಲ್ಪನಿಕ ಹೆಸರುಗಳ ಮಾಹಿತಿ ಕೊಟ್ಟು ಬಿಡಿಸಲು ಕಲಿಸಿ, ಸಾಕು.

ಸಣ್ಣಪುಟ್ಟ ವಾಗ್ವಾದಕ್ಕೆ ಮಾತ್ರ ಹೆದರಬೇಡಿ. ಟಕ್‌ಮನ್ ಹೇಳುವ ಎರಡನೇ ಹಂತ, ಅಂದರೆ ಘರ್ಷಣೆಯ ಹಂತ, ಬಂತು ಅಂತ ಸಂತೋಷಪಡಲೂಬೇಡಿ. ಅವರು 1965ರಲ್ಲಿ ನಾಲ್ಕು ಹಂತ ಹೇಳಿದ್ದು ತಾವೇ ಗುಂಪುಗಳನ್ನು ನೋಡಿ ಅಲ್ಲ, ಬೇರೆಯವರು ಬರೆದ ಲೇಖನಗಳನ್ನು ಓದಿ. ಅವುಗಳಲ್ಲಿ ಹೆಚ್ಚಿನವು ಚಿಕಿತ್ಸಾ ಗುಂಪು, ತರಬೇತಿ ಗುಂಪುಗಳ ಮೇಲಿದ್ದವು. ಐದನೇ ಹಂತ ಸೇರಿದ್ದು 1977ರಲ್ಲಿ. ಇದನ್ನು ವಿದ್ಯಾರ್ಥಿಗಳಿಗೆ ಹೇಳಿ, ನಿಮ್ಮ ಗುಂಪು ಹಾಗೆ ನಡೆಯಿತಾ ಅಂತ ಕೇಳಿ. 'ಇಲ್ಲ ಸರ್, ನಮ್ಮದು ಎರಡನೇ ಹಂತವೇ ಬರಲಿಲ್ಲ, ಎಲ್ಲರೂ ಅವನು ಹೇಳಿದ್ದಕ್ಕೆ ತಲೆ ಆಡಿಸಿದೆವು' ಅಂತ ಒಬ್ಬರಾದರೂ ಬರೆದರೆ ನಿಮ್ಮ ಸೆಮಿಸ್ಟರ್ ಗೆದ್ದಂತೆ.

ಅಂಕ: ಗುಂಪು ಗೆದ್ದಿತೋ ಸೋತಿತೋ ಅನ್ನುವುದಕ್ಕೆ ಅಂಕ ಬೇಡ, ಕೊಟ್ಟರೆ ಮರುದಿನದಿಂದ ಎಲ್ಲರೂ ನಟಿಸುತ್ತಾರೆ. ಪ್ರತಿ ಆಟದ ನಂತರ ಎರಡು ದಿನದೊಳಗೆ ಒಂದೂವರೆ ಪುಟ ಬರೆದು ಕೊಡಲಿ: ನಾನು ಏನು ಮಾಡಿದೆ, ಏನು ನೋಡಿದೆ, ಪುಸ್ತಕ ಹೇಳುವುದಕ್ಕೆ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ. 'ನಮ್ಮ ಗುಂಪು ತುಂಬಾ ಚೆನ್ನಾಗಿ ಕೆಲಸ ಮಾಡಿತು' ಅಂತ ಬರೆದರೆ ನಾನು ವಾಪಸ್ ಕೊಡುತ್ತಿದ್ದೆ. ಮೊದಲು ಹೇಳಿದ ಆ ಹುಡುಗ ಬರೆದದ್ದು ಹೀಗಿತ್ತು: 'ನನ್ನ ಕೈಯಲ್ಲಿ ಇದ್ದ ತುಂಡು ಬೇಕಾದವರು ನನ್ನ ಎದುರಿಗೇ ಇದ್ದರು. ನಾನು ಮುಗಿಸಿದ ಖುಷಿಯಲ್ಲಿದ್ದೆ.' ಅವನಿಗೆ ಹತ್ತಕ್ಕೆ ಒಂಬತ್ತು ಕೊಟ್ಟೆ. ಆ ಎರಡು ಚಿಕ್ಕ ತ್ರಿಕೋನದ ಚಿತ್ರವನ್ನೂ ಬಿಡಿಸಿದ್ದ.

ಸೆಮಿಸ್ಟರಿನ ಕೊನೆಗೆ ಆ ವೃತ್ತದ ಹಾಳೆಯನ್ನು ಫೀಲ್ಡ್‌ವರ್ಕಿಗೆ ಒಯ್ಯಲಿ. ನಿಮ್ಮ ಹತ್ತಿರದ ಯಾವುದಾದರೂ ಸ್ತ್ರೀಶಕ್ತಿ ಸಂಘದ ವಾರದ ಸಭೆಯಲ್ಲಿ, ಮೊದಲೇ ಅನುಮತಿ ಕೇಳಿ, ಒಂದು ಮೂಲೆಯಲ್ಲಿ ಕೂತು ಗೆರೆ ಎಳೆಯಲಿ. ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ, ಸಾಲ ಕೇಳುವಾಗ ಯಾರು ಯಾರ ಮುಖ ನೋಡುತ್ತಾರೆ, ಬಾಗಿಲ ಹತ್ತಿರ ಕೂರುವವರು ಯಾರು. ನಿಮ್ಮ ಹಿಂದಿನ ಬೆಂಚಿನ ಹುಡುಗಿಯರನ್ನೇ ಮೊದಲು ಕಳಿಸಿ. ಬಾಗಿಲ ಹತ್ತಿರ ಕೂತವರು ಅವರ ಕಣ್ಣಿಗೆ ಬೇಗ ಬೀಳುತ್ತಾರೆ.

ಕೊನೆಯದಾಗಿ ಸಣ್ಣ ಸಂಗತಿಗಳು. ರಟ್ಟಿನ ತುಂಡುಗಳ ಹಿಂದೆ ಸೆಟ್ ನಂಬರ್ ಬರೆದಿಡಿ, ಐದು ಸೆಟ್ ಕಲಸಿಹೋದರೆ ದೇವರೇ ಗತಿ. ಒಂದೆರಡು ತುಂಡು ಪ್ರತಿ ಸಲ ಕಳೆಯುತ್ತವೆ, ಒಂದು ಸೆಟ್ ಜಾಸ್ತಿ ಇರಲಿ. ತೊಗರಿ ಬಾಟ್ಲಿಗೆ ಒಣ ಬೇವಿನ ಎಲೆ ಹಾಕಿ ಮುಚ್ಚಳ ಗಟ್ಟಿಯಾಗಿ ತಿರುಗಿಸಿ, ಎಲೆಯನ್ನು ಆಟದ ದಿನ ತೆಗೆದರಾಯಿತು. ನಾನು ಹಾಕದೆ ಬಿಟ್ಟಿದ್ದೆ. ಮರುವರ್ಷ ಬೀರು ತೆಗೆದರೆ ಕಾಳಿಗಿಂತ ಹುಳವೇ ಜಾಸ್ತಿ ಇತ್ತು.